ಮೆಕ್ಯಾನಿಕಲ್ ಕೀಬೋರ್ಡ್: ಕನ್ನಡ ಟೈಪ್ ಮಾಡುವವರಿಗೆ ಅಷ್ಟು ದುಡ್ಡಿನದು ಬೇಕಾ?

ಆರುನೂರು ರೂಪಾಯಿಯ ಮಾಮೂಲಿ ಕೀಬೋರ್ಡಿನಲ್ಲೂ 104 ಕೀ, ಪ್ರತಿ ಕೀಗೂ ಬೇರೆ ಸ್ವಿಚ್ ಇರುವ ಮೂರೂವರೆ ಸಾವಿರದ ಮೆಕ್ಯಾನಿಕಲ್‌ನಲ್ಲೂ ಅಷ್ಟೇ ಕೀ. ಎರಡರಲ್ಲೂ ಕ ಒತ್ತಿದರೆ ಕ ಬೀಳುತ್ತದೆ. ಹೆಚ್ಚಿನ ದುಡ್ಡು ವೇಗಕ್ಕೆ ಅಂತ ಅಂಗಡಿಯವರು ಹೇಳಿದರೆ ನಂಬಬೇಡಿ. ನಿಮಿಷಕ್ಕೆ 30 ಪದ ಹೊಡೆಯುವವರು ಮೆಕ್ಯಾನಿಕಲ್ ತಂದ ಮೇಲೂ ಹೆಚ್ಚುಕಮ್ಮಿ 30 ಪದವನ್ನೇ ಹೊಡೆಯುತ್ತಾರೆ. ಮೊದಲ ವಾರ ಇನ್ನೂ ಕಡಿಮೆಯೇ ಆದೀತು, ಕೈ ಹೊಂದಿಕೊಳ್ಳಬೇಕಲ್ಲ. ದುಡ್ಡು ನಿಜಕ್ಕೂ ಹೋಗುವುದು ಎರಡು ಸಂಗತಿಗೆ. ಎಲ್ಲ ಕೀಗಳೂ ವರ್ಷಗಟ್ಟಲೆ ಒಂದೇ ಹದದಲ್ಲಿ ಇಳಿಯುತ್ತವೆ, ಮತ್ತು ಒಂದು ಕೀ ಕೆಟ್ಟರೆ ಅದೊಂದನ್ನೇ ಬದಲಿಸಬಹುದು. ಈ ಎರಡನೆಯ ಅನುಕೂಲ ಇಲ್ಲದ ಮೆಕ್ಯಾನಿಕಲ್ ಕೊಳ್ಳುವುದು ದಂಡ. ಒಂದೇ ಒಂದು ಅಪವಾದವಿದೆ, ಅದು ಮುಂದೆ ಬರುತ್ತದೆ.

ಒಳಗೆ ಏನಿದೆ

ಮಾಮೂಲಿ ಕೀಬೋರ್ಡ್ ಬಿಚ್ಚಿದರೆ ಮೂರು ತೆಳು ಪ್ಲಾಸ್ಟಿಕ್ ಹಾಳೆ ಸಿಗುತ್ತವೆ. ಮೇಲಿನದರಲ್ಲೂ ಕೆಳಗಿನದರಲ್ಲೂ ಕರೆಂಟ್ ಹರಿಯುವ ಗೆರೆಗಳನ್ನು ಮುದ್ರಿಸಿರುತ್ತಾರೆ. ನಡುವಿನದರಲ್ಲಿ ಕೀ ಇರುವ ಜಾಗದಲ್ಲೆಲ್ಲ ತೂತು. ಅದರ ಮೇಲೆ ಗುಮ್ಮಟದಂಥ ರಬ್ಬರ್ ಬುರುಡೆಗಳು. ಕೀ ಒತ್ತಿದಾಗ ರಬ್ಬರ್ ಕುಸಿದು, ಮೇಲಿನ ಹಾಳೆ ತೂತಿನಲ್ಲಿ ಬಗ್ಗಿ ಕೆಳಗಿನದನ್ನು ಮುಟ್ಟುತ್ತದೆ. ಅಂದರೆ ಕೀ ಹೆಚ್ಚುಕಮ್ಮಿ ತಳ ಮುಟ್ಟುವವರೆಗೆ ಅಕ್ಷರ ಬೀಳುವುದಿಲ್ಲ. ಇದನ್ನೇ ಮೆಂಬ್ರೇನ್ ಕೀಬೋರ್ಡ್ ಅನ್ನುವುದು. ಹೊಸದಿದ್ದಾಗ ಏನೂ ತಕರಾರಿಲ್ಲ, ಹಿತವಾಗಿಯೇ ಇರುತ್ತದೆ. ಹಳತಾದ ಹಾಗೆ ಹೆಚ್ಚು ಬಳಸುವ ಕೀಗಳ ರಬ್ಬರ್ ಸೋತು ಮೆತ್ತಗಾಗುತ್ತದೆ, ಬಳಸದವು ಗಟ್ಟಿಯಾಗಿಯೇ ಉಳಿಯುತ್ತವೆ. ಬೆರಳಿಗೆ ಒಂದೊಂದು ಕೀ ಒಂದೊಂದು ಥರ ಸಿಗತೊಡಗುತ್ತದೆ.

ಮೆಕ್ಯಾನಿಕಲ್‌ನಲ್ಲಿ ಪ್ರತಿ ಕೀಗೂ ಅದರದೇ ಸ್ವಿಚ್ ಇರುತ್ತದೆ. ಮೇಲೊಂದು ಮುಚ್ಚಳ, ಕೆಳಗೊಂದು ಗೂಡು, ನಡುವೆ ಕೂಡಿಸುವ ಗುರುತಿನ ತಲೆಯ ಸ್ಟೆಮ್, ಅದರಡಿ ಸ್ಪ್ರಿಂಗ್, ಪಕ್ಕದಲ್ಲಿ ಲೋಹದ ತಗಡಿನ ಎರಡು ಪತ್ತಿ. ಸ್ಟೆಮ್ ಇಳಿದಾಗ ಪತ್ತಿಗಳು ಒಂದಕ್ಕೊಂದು ತಾಗುತ್ತವೆ, ಅಕ್ಷರ ಬೀಳುತ್ತದೆ. ಜರ್ಮನಿಯ ಚೆರ್ರಿ ಕಂಪನಿಯ ಎಂಎಕ್ಸ್ ರೆಡ್ ಸ್ವಿಚ್ ಒಟ್ಟು 4 ಮಿ.ಮೀ. ಇಳಿಯುತ್ತದೆ, ಆದರೆ 2 ಮಿ.ಮೀ. ಇಳಿಯುವಷ್ಟರಲ್ಲೇ ಅಕ್ಷರ ಬಿದ್ದಿರುತ್ತದೆ. ಬೇಕಾದ ಒತ್ತಡ ಸುಮಾರು 45 ಗ್ರಾಂ. ತಳದವರೆಗೆ ಗುದ್ದುವ ಅಗತ್ಯವಿಲ್ಲ ಅನ್ನುವುದು ಕಾಗದದ ಮೇಲೆ ಸರಿ. ನಿಜದಲ್ಲಿ ಬಹಳಷ್ಟು ಜನ ಗುದ್ದಿಯೇ ಗುದ್ದುತ್ತಾರೆ. ಹಾಗಾಗಿ ಬೆರಳುನೋವು ಹೋಗುತ್ತದೆ ಅನ್ನುವ ಜಾಹೀರಾತನ್ನು ಪಕ್ಕಕ್ಕಿಡಿ. ನೋವಿರುವವರು ಮೊದಲು ಮೇಜಿನ ಎತ್ತರ, ಮಣಿಕಟ್ಟಿನ ಕೋನ ನೋಡಿಕೊಳ್ಳಲಿ. ಮೆಕ್ಯಾನಿಕಲ್‌ಗಳು ಮಾಮೂಲಿಗಿಂತ ಎತ್ತರವಾಗಿರುವುದರಿಂದ, ಅಂಗೈಗೆ ಆಸರೆ ಇಲ್ಲದಿದ್ದರೆ ಮಣಿಕಟ್ಟು ಮೇಲಕ್ಕೆ ಬಾಗಿ ನೋವು ಜಾಸ್ತಿಯೂ ಆಗಬಹುದು.

ಮೆಂಬ್ರೇನ್ ಇದ್ದರೆ ಅದು ಕೀಬೋರ್ಡೇ ಅಲ್ಲ ಅಂತ ವಾದಿಸುವವರೂ ಇದ್ದಾರೆ. 1985ರಲ್ಲಿ ಬಂದ, ಇವತ್ತಿಗೂ ಅಭಿಮಾನಿಗಳು ಪೂಜಿಸುವ ಐಬಿಎಂ ಮಾಡೆಲ್ ಎಂ ಇದೆಯಲ್ಲ, ಅದರ ಸ್ಪ್ರಿಂಗುಗಳ ಅಡಿಯಲ್ಲಿ ಇರುವುದು ಮೆಂಬ್ರೇನ್ ಹಾಳೆಯೇ.

ಕನ್ನಡದಲ್ಲಿ ಸವೆಯುವ ಕೀ ಬೇರೆ

ಇಂಗ್ಲಿಷಿನಲ್ಲಿ ಬರೆಯುವವರ ಕೀಬೋರ್ಡಿನಲ್ಲಿ ಇ, ಎ, ಟಿ ಅಕ್ಷರಗಳು ಮೊದಲು ಅಳಿಸುತ್ತವೆ. ಕನ್ನಡದವರ ಕೀಬೋರ್ಡ್ ನೋಡಿ. ನುಡಿ ತಂತ್ರಾಂಶದಲ್ಲಿ ಬಳಸುವ ಕೆ.ಪಿ. ರಾವ್ ಕೀ ವಿನ್ಯಾಸದಲ್ಲಿ ವಿರಾಮ, ಅಂದರೆ 'ಕ'ವನ್ನು 'ಕ್' ಮಾಡುವ ಹಲಂತ ಚಿಹ್ನೆ, ಇರುವುದು ಎಫ್ ಕೀಯಲ್ಲಿ, ಭಾರತದ ಭಾಷೆಗಳಿಗೆಲ್ಲ ಸಾಮಾನ್ಯವಾದ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಡಿ ಕೀಯಲ್ಲಿ. ಪ್ರತಿಯೊಂದು ಒತ್ತಕ್ಷರಕ್ಕೂ ಇದನ್ನು ಒತ್ತಲೇಬೇಕು. 'ಕನ್ನಡದಲ್ಲಿ ಬರೆದಿದ್ದಾರೆ' ಎಂಬ ಎರಡು ಪದ ಕೆ.ಪಿ. ರಾವ್ ವಿನ್ಯಾಸದಲ್ಲಿ ಹೊಡೆದರೆ ನಡುವಿನ ಸ್ಪೇಸ್ ಸೇರಿ, ಶಿಫ್ಟ್ ಬಿಟ್ಟು, 22 ಒತ್ತು. ಅದರಲ್ಲಿ ಮೂರು ಎಫ್. ಶಿಫ್ಟ್ ಕೂಡ ಬಿಡುವಿಲ್ಲದೆ ದುಡಿಯುತ್ತದೆ: ಮಹಾಪ್ರಾಣಗಳು, ಣ, ಳ, ಶ, ಅನುಸ್ವಾರ, ದೀರ್ಘ ಸ್ವರಗಳು ಎಲ್ಲವೂ ಅದರ ಜೊತೆಯಲ್ಲೇ ಬರಬೇಕು.

ಹಾಗಾಗಿ ಡಿಟಿಪಿ ಅಂಗಡಿಯ ಹಳೆಯ ಮೆಂಬ್ರೇನ್ ಕೀಬೋರ್ಡಿನಲ್ಲಿ ಮೊದಲು ಕೈಕೊಡುವುದು ಎಫ್, ಇಲ್ಲವೇ ಎಡಗಡೆಯ ಶಿಫ್ಟ್. ಉಳಿದ 103 ಕೀ ಚೆನ್ನಾಗಿದ್ದರೂ ಇಡೀ ಕೀಬೋರ್ಡ್ ಕಸಕ್ಕೆ. ಇದೇ ಮೆಕ್ಯಾನಿಕಲ್ ಪರವಾದ ಗಟ್ಟಿ ವಾದ. ಪೆಟ್ಟಿಗೆಯ ಮೇಲೆ ಬರೆದಿರುವ 'ಐದು ಕೋಟಿ ಒತ್ತು' ವಾದವೇ ಅಲ್ಲ. ಬೇಕಾದರೆ ಲೆಕ್ಕ ಹಾಕಿ. ದಿನಕ್ಕೆ 25,000 ಒತ್ತು ಹೊಡೆಯುವವರಿದ್ದಾರೆ, ಹನ್ನೆರಡರಲ್ಲಿ ಒಂದು ವಿರಾಮ ಅಂದುಕೊಳ್ಳೋಣ. ಎಫ್ ಕೀಗೆ ದಿನಕ್ಕೆ ಎರಡು ಸಾವಿರ ಚಿಲ್ಲರೆ, ವರ್ಷಕ್ಕೆ 300 ದಿನ ಹಿಡಿದರೆ ಆರು ಲಕ್ಷದ ಆಸುಪಾಸು. ಮೆಂಬ್ರೇನ್‌ಗೆ ಸಾಮಾನ್ಯವಾಗಿ ಹೇಳುವ 50 ಲಕ್ಷ ಒತ್ತು ಎಂಟು ವರ್ಷಕ್ಕೆ ಸಾಕು, ಐದು ಕೋಟಿ ಎಂಬತ್ತು ವರ್ಷಕ್ಕೆ. ಎಂಬತ್ತು ವರ್ಷ ಯಾರಿಗೆ ಬೇಕು? ಕೀಬೋರ್ಡನ್ನು ಕೊಲ್ಲುವುದು ಒತ್ತಿನ ಸಂಖ್ಯೆಗಿಂತ ಹೆಚ್ಚಾಗಿ ಧೂಳು, ಚಹಾ, ತೇವ.

ದುಡ್ಡು ಉಳಿಯುತ್ತದೆ ಅಂತಲೂ ಕೊಳ್ಳಬೇಡಿ. ಎರಡು ವರ್ಷಕ್ಕೊಂದು ಆರುನೂರರ ಕೀಬೋರ್ಡ್ ತಂದರೂ ಹತ್ತು ವರ್ಷಕ್ಕೆ ಮೂರು ಸಾವಿರ ಆಗುತ್ತದೆ, ಒಂದು ಸಾಧಾರಣ ಮೆಕ್ಯಾನಿಕಲ್ ಬೆಲೆಗಿಂತ ಕಡಿಮೆ.

ಸ್ವಿಚ್ ಆಯ್ಕೆ

ಚೆರ್ರಿಯ ಪೇಟೆಂಟ್ ಅವಧಿ ಮುಗಿದ ಮೇಲೆ ಗೇಟರಾನ್, ಕೈಲ್, ಔಟೆಮು ಮುಂತಾದ ಚೀನೀ ಕಂಪನಿಗಳು ಅದೇ ಅಚ್ಚಿನ ಸ್ವಿಚ್ ಮಾಡತೊಡಗಿದವು, ಬೆಲೆ ಇಳಿಯಿತು. ಮೂರು ಜಾತಿ ಗೊತ್ತಿದ್ದರೆ ಸಾಕು. ರೆಡ್ ಜಾತಿಯದು ಲೀನಿಯರ್, ಮೇಲಿನಿಂದ ತಳದವರೆಗೆ ಜಾರಿದ ಹಾಗೆ ಇಳಿಯುತ್ತದೆ. ಬ್ರೌನ್ ಟ್ಯಾಕ್ಟೈಲ್, ಅಕ್ಷರ ಬೀಳುವ ಹೊತ್ತಿಗೆ ಬೆರಳಿಗೊಂದು ಸಣ್ಣ ಉಬ್ಬು ತಾಗುತ್ತದೆ. ಬ್ಲೂ ಜಾತಿಯದರಲ್ಲಿ ಉಬ್ಬಿನ ಜೊತೆಗೆ ಟಿಕ್ ಎಂಬ ಸದ್ದೂ ಇದೆ, ಒತ್ತಡ 60 ಗ್ರಾಂ ಆಸುಪಾಸು. ಹೊಸ ಹೊಸ ಹೆಸರಿನ, ಹಳದಿ, ನೇರಳೆ, ಕೆನೆಬಣ್ಣದ ಸ್ವಿಚ್‌ಗಳಲ್ಲಿ ಬಣ್ಣ ನೋಡಿ ನಿರ್ಧರಿಸಲಾಗದು, ಒತ್ತಡ ಎಷ್ಟು ಗ್ರಾಂ, ಲೀನಿಯರ್ರೋ ಟ್ಯಾಕ್ಟೈಲೋ ಅನ್ನುವುದನ್ನು ಓದಿಕೊಳ್ಳಿ.

ಕನ್ನಡಕ್ಕೆ 45ರಿಂದ 50 ಗ್ರಾಂ ಒಳಗಿನದು ಒಳ್ಳೆಯದು. ಕಾರಣ ಶಿಫ್ಟ್. ಅದನ್ನು ಒತ್ತಿ ಹಿಡಿಯುವುದು ಕಿರುಬೆರಳು, 60 ಗ್ರಾಮಿನ ಸ್ಪ್ರಿಂಗಿನ ಮೇಲೆ ದಿನವಿಡೀ ಣ, ಳ, ಶ ಹೊಡೆದರೆ ಸಂಜೆಗೆ ಅದು ಮಾತಾಡಲು ಶುರುಮಾಡುತ್ತದೆ. ಮೆಂಬ್ರೇನ್‌ನಿಂದ ಬರುವವರಿಗೆ ಬ್ರೌನ್ ಬೇಗ ಒಗ್ಗುತ್ತದೆ. ರೆಡ್‌ನಲ್ಲಿ ಬೆರಳು ಸುಮ್ಮನೆ ತಾಗಿದರೂ ಅಕ್ಷರ ಬಿದ್ದು ತಪ್ಪು ಹೆಚ್ಚಾಗುವುದುಂಟು, ವಿಶೇಷವಾಗಿ ಬೆರಳನ್ನು ಕೀ ಮೇಲೆ ಊರಿಕೊಂಡೇ ಯೋಚಿಸುವವರಿಗೆ. ಬ್ಲೂ ಟೈಪಿಂಗ್‌ಗೆ ಖುಷಿ ಕೊಡುತ್ತದೆ, ಆದರೆ ಪಕ್ಕದ ಮೇಜಿನವರ ಖುಷಿ ಕೆಡಿಸುತ್ತದೆ. ಫೋನ್ ಮೀಟಿಂಗಿನಲ್ಲಿ ಮೈಕ್ ತೆರೆದಿದ್ದರೆ ಆಚೆಯವರಿಗೆ ನಿಮ್ಮ ಮಾತಿಗಿಂತ ಅದೇ ಜೋರಾಗಿ ಕೇಳುತ್ತದೆ.

ಅಪವಾದ: ಟಿವಿಎಸ್ ಗೋಲ್ಡ್

ಮೆಕ್ಯಾನಿಕಲ್ ಅನ್ನುವ ಪದ ಗೇಮಿಂಗ್ ಹುಡುಗರ ಬಾಯಿಗೆ ಬರುವ ಮೊದಲೇ ನಮ್ಮ ಕಚೇರಿಗಳಲ್ಲಿ, ಕೌಂಟರುಗಳಲ್ಲಿ, ಟೈಪಿಂಗ್ ಇನ್‌ಸ್ಟಿಟ್ಯೂಟುಗಳಲ್ಲಿ ಕಟಕಟ ಅನ್ನುತ್ತಿದ್ದದ್ದು ಚೆನ್ನೈ ಮೂಲದ ಟಿವಿಎಸ್ ಎಲೆಕ್ಟ್ರಾನಿಕ್ಸ್‌ನ ಗೋಲ್ಡ್. ಟೈಪಿಂಗ್ ಪರೀಕ್ಷೆಗೆ ಕೂರುವವರಲ್ಲಿ ಇದು ಇವತ್ತಿಗೂ ಮನೆಮಾತು. ಹೆಸರು ಮಾಡಿದ್ದು ಚೆರ್ರಿಯ ಬ್ಲೂ ಸ್ವಿಚ್‌ನಿಂದ. ನೀವು ಕೊಳ್ಳುವ ಪೆಟ್ಟಿಗೆಯ ಮೇಲೆ ಯಾವ ಸ್ವಿಚ್ ಅಂತ ಬರೆದಿದೆ ನೋಡಿಕೊಳ್ಳಿ. ಪೂರ್ತಿ 104 ಕೀ, ಬಲಗಡೆ ನಂಬರ್ ಪ್ಯಾಡ್, ಲೈಟಿಲ್ಲ, ಬಿಚ್ಚಲಾಗದ ತಂತಿ, ನೋಡಲು ತೀರಾ ಸಾದಾ. ಬೆಲೆ ಮೂರು ಸಾವಿರದ ಆಚೀಚೆ ಆಡುತ್ತಿರುತ್ತದೆ. ಟ್ಯಾಲಿಯಲ್ಲಿ ದಿನವಿಡೀ ಅಂಕಿ ಹೊಡೆಯುವವರಿಗೆ, ಪರೀಕ್ಷೆಯ ಹಾಲ್‌ನಲ್ಲಿ ಇದೇ ಸಿಗಬಹುದು ಎಂದು ಕೈ ಪಳಗಿಸುವವರಿಗೆ ಕಣ್ಣುಮುಚ್ಚಿ ಹೇಳಬಹುದು.

ಇದರ ಸ್ವಿಚ್‌ಗಳು ಬೋರ್ಡಿಗೆ ಬೆಸುಗೆಯಾಗಿರುತ್ತವೆ. ಒಂದು ಕೀ ಹೋದರೆ ಕೀಬೋರ್ಡ್ ಬಿಚ್ಚಿ, 25 ವಾಟ್ ಸೋಲ್ಡರಿಂಗ್ ಐರನ್ ಹಿಡಿದು, ಆ ಸ್ವಿಚ್ಚಿನ ಎರಡು ಕಾಲುಗಳ ಬೆಸುಗೆ ಕರಗಿಸಿ, ಡಿಸೋಲ್ಡರಿಂಗ್ ಪಂಪಿನಲ್ಲಿ ಹೀರಿ ತೆಗೆಯಬೇಕು. ಹಳೆಯ ಬೆಸುಗೆ ಸೀಸ ಸರಿಯಾಗಿ ಕರಗದಿದ್ದರೆ ಅದರ ಮೇಲೆ ಚೂರು ಹೊಸ ಸೀಸ ಸೇರಿಸಿ, ಎರಡೂ ಬೆರೆತು ಹರಿಯುತ್ತವೆ, ಆಮೇಲೆ ಹೀರಿ. ಸ್ವಿಚ್ ಬಿಡದೆ ಹಿಡಿದುಕೊಂಡಿದ್ದರೆ ಎಳೆಯಬೇಡಿ. ಬೋರ್ಡಿನ ತಾಮ್ರದ ಪ್ಯಾಡ್ ಕಿತ್ತುಬಂದರೆ ಆಮೇಲೆ ಗೆರೆ ಹುಡುಕಿ ತಂತಿ ಹಾಕುವ ಕೆಲಸ ಬೀಳುತ್ತದೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಐರನ್, ಪಂಪು, ಸೀಸ ಎಲ್ಲವೂ ಸಿಗುತ್ತವೆ. ಮೊಬೈಲ್ ರಿಪೇರಿ ಗೊತ್ತಿರುವ ಯಾವ ಹುಡುಗನಾದರೂ ಹತ್ತು ನಿಮಿಷದಲ್ಲಿ ಮಾಡಿಕೊಡುತ್ತಾನೆ.

ಹಾಟ್‌ಸ್ವಾಪ್ ಇದ್ದರೆ ಬದುಕು ಸುಲಭ

ಹಾಟ್‌ಸ್ವಾಪ್ ಬೋರ್ಡಿನಲ್ಲಿ ಬೆಸುಗೆ ಇರುವುದಿಲ್ಲ, ಸ್ವಿಚ್ಚನ್ನು ಸಾಕೆಟ್ಟಿಗೆ ಸಿಕ್ಕಿಸಿದರೆ ಮುಗಿಯಿತು. ಕೊಳ್ಳುವಾಗ ಮೂರು ಪಿನ್ನೋ (ಲೋಹದ ಎರಡು ಕಾಲು, ನಡುವೆ ಪ್ಲಾಸ್ಟಿಕ್ ಗೂಟ) ಐದು ಪಿನ್ನೋ (ಜೊತೆಗೆ ಪ್ಲಾಸ್ಟಿಕ್‌ನ ಇನ್ನೆರಡು ಕಾಲು) ಕೇಳಿ. ಐದು ಪಿನ್ ಬೋರ್ಡಿಗೆ ಎರಡೂ ಬಗೆಯ ಸ್ವಿಚ್ ಕೂರುತ್ತವೆ. ಮೂರು ಪಿನ್ ಬೋರ್ಡಿಗೆ ಐದು ಪಿನ್ ಸ್ವಿಚ್ ಹಾಕಬೇಕಾದರೆ ಅದರ ಎರಡು ಪ್ಲಾಸ್ಟಿಕ್ ಕಾಲುಗಳನ್ನು ಉಗುರು ಕತ್ತರಿಯಲ್ಲಿ ಕತ್ತರಿಸಬೇಕು, ಲೋಹದ ಕಾಲು ಮುಟ್ಟಕೂಡದು. ಎರಡು ಸಾವಿರದ ಒಳಗಿನ ಕೆಲವು ಬೋರ್ಡುಗಳ ಸಾಕೆಟ್ ತೂತು ಸಣ್ಣದು, ಔಟೆಮುವಿನ ತೆಳು ಪಿನ್ ಮಾತ್ರ ಹಿಡಿಸುತ್ತದೆ. ಪೆಟ್ಟಿಗೆಯ ಮೇಲೆ ಹಾಟ್‌ಸ್ವಾಪ್ ಅಂತಲೇ ಇರುತ್ತದೆ, ಈ ಷರತ್ತು ಸಣ್ಣಕ್ಷರದಲ್ಲಿ.

ಬದಲಿಸುವಾಗ ಹೆಚ್ಚು ಕೆಡುವುದು ಪಿನ್ನು. ತಂತಿ ಕಿತ್ತು, ಬ್ಯಾಟರಿಯದಾದರೆ ಆಫ್ ಮಾಡಿ. ಎಳೆದು ತೆಗೆಯುವ ತಂತಿಯ ಪುಲ್ಲರಿನಲ್ಲಿ ಕೀಕ್ಯಾಪ್, ಅಂದರೆ ಅಕ್ಷರವಿರುವ ಮೇಲಿನ ಟೊಪ್ಪಿ, ತೆಗೆಯಿರಿ, ಪ್ಲಾಸ್ಟಿಕ್ ಉಂಗುರದಂಥ ಪುಲ್ಲರ್ ಕ್ಯಾಪಿನ ಬದಿ ಗೀರುತ್ತದೆ. ಸ್ವಿಚ್ ಪುಲ್ಲರಿನ ಎರಡು ಹಲ್ಲನ್ನು ಸ್ವಿಚ್ಚಿನ ಮೇಲ್ಬದಿ ಕೆಳಬದಿಯಲ್ಲಿರುವ ಕೊಕ್ಕೆಗಳಿಗೆ ಹಾಕಿ ಹಿಸುಕಿ, ನೆಟ್ಟಗೆ ಮೇಲಕ್ಕೆತ್ತಿ. ಹೊಸದರ ಲೋಹದ ಎರಡೂ ಪಿನ್ ನೇರ ಇದೆಯಾ ನೋಡಿ, ಬಗ್ಗಿದ್ದರೆ ಚಿಮಟದಲ್ಲಿ ನೆಟ್ಟಗೆ ಮಾಡಿ. ಒತ್ತುವಾಗ ಪಿನ್ ಮಡಚಿಕೊಂಡರೂ ಸ್ವಿಚ್ ಮಾತ್ರ ಸರಿಯಾಗಿ ಕೂತ ಹಾಗೆಯೇ ಕಾಣುತ್ತದೆ, ಅಕ್ಷರ ಬೀಳುವುದಿಲ್ಲ. ಕೀಬೋರ್ಡ್ ಕೆಟ್ಟಿತು ಅಂತ ಗಾಬರಿಯಾಗುವ ಮೊದಲು ತೆಗೆದು ಪಿನ್ ನೋಡಿ. ತೀರಾ ಬಿಗಿಯಿದ್ದರೆ ಜೋರಾಗಿ ಒತ್ತಬೇಡಿ, ಹಿಂದಿನ ಸಾಕೆಟ್ ಬೋರ್ಡಿನಿಂದ ಕಳಚಿಕೊಂಡೀತು.

ಒಂದೇ ಒತ್ತಿಗೆ ಎರಡು ಅಕ್ಷರ

ಮೆಕ್ಯಾನಿಕಲ್‌ನ ದೊಡ್ಡ ರೋಗ ಇದು, ಚ್ಯಾಟರ್ ಅನ್ನುತ್ತಾರೆ. ಪತ್ತಿಗಳ ಮೇಲೆ ಧೂಳು ಅಥವಾ ಕಿಲುಬು ಕೂತು, ತಾಗುವಾಗ ಅದುರಿ, ಒಂದು ಒತ್ತು ಎರಡಾಗಿ ಕಂಪ್ಯೂಟರಿಗೆ ಹೋಗುತ್ತದೆ. ಎಫ್ ಕೀಯಲ್ಲಿ ಇದಾದರೆ ಕನ್ನಡದಲ್ಲಿ ಪಜೀತಿ. ಯೂನಿಕೋಡಿನಲ್ಲಿ ವಿರಾಮ ಎರಡು ಸಲ ಬಿದ್ದರೆ ಒತ್ತಕ್ಷರ ಒಡೆದು, ಬಹಳಷ್ಟು ಫಾಂಟುಗಳಲ್ಲಿ ನಡುವೆ ಚುಕ್ಕಿಗಳ ವೃತ್ತ ಕಾಣಿಸಿಕೊಳ್ಳುತ್ತದೆ. ಸಾಫ್ಟ್‌ವೇರ್ ಸರಿಯಿಲ್ಲ ಎಂದುಕೊಂಡು ಅದನ್ನು ಕಿತ್ತು ಮತ್ತೆ ಹಾಕುವವರು ಬಹಳ.

ಪತ್ತೆಹಚ್ಚಲು ಖರ್ಚಿಲ್ಲ. ಎಫ್‌ನ ಸ್ವಿಚ್ ತೆಗೆದು, ಇನ್ಸರ್ಟ್‌ನಂಥ ಅಪರೂಪಕ್ಕೆ ಮುಟ್ಟುವ ಕೀಯ ಸ್ವಿಚ್ ಜೊತೆ ಅದಲುಬದಲು ಮಾಡಿ. ರೋಗ ಸ್ವಿಚ್ ಜೊತೆ ಹೋದರೆ ಸ್ವಿಚ್ ಕೆಟ್ಟಿದೆ, ಎಫ್‌ನಲ್ಲೇ ಉಳಿದರೆ ಸಾಕೆಟ್ ಕೆಟ್ಟಿದೆ. ಮೊದಲನೆಯದಾದರೆ ರಿಪೇರಿಯೂ ಅಲ್ಲೇ ಮುಗಿಯಿತು, ಹಾಗೇ ಕೆಲಸ ಮುಂದುವರಿಸಬಹುದು. ಬೆಸುಗೆಯ ಬೋರ್ಡಾದರೆ ತಂತಿ ಕಿತ್ತು, ಸ್ಟೆಮ್ ಒತ್ತಿ ಹಿಡಿದು ಸಂದಿಗೆ 99 ಶೇಕಡಾದ ಐಸೋಪ್ರೊಪೈಲ್ ಆಲ್ಕೋಹಾಲ್ ಎರಡು ಹನಿ ಬಿಟ್ಟು, ಹತ್ತಾರು ಸಲ ಒತ್ತಿ, ಪೂರ್ತಿ ಒಣಗಲು ಬಿಡಿ. ಹೊಲಿಗೆ ಯಂತ್ರದ ಎಣ್ಣೆ, ಬಾಗಿಲಿನ ಕೀಲಿಗೆ ಹೊಡೆಯುವ ಸ್ಪ್ರೇ ಇವು ಬೇಡ, ಧೂಳನ್ನು ಅಂಟಿಸಿಕೊಂಡು ಕೂರುತ್ತವೆ.

ಕಾರವಾರ, ಉಡುಪಿ, ಮಂಗಳೂರಿನ ಉಪ್ಪುಗಾಳಿಯಲ್ಲಿ, ಮಲೆನಾಡಿನ ಮಳೆಗಾಲದಲ್ಲಿ ಕಿಲುಬು ಬೇಗ ಹಿಡಿಯುತ್ತದೆ. ಬಳಸದ ಹೊತ್ತಿನಲ್ಲಿ ಬಟ್ಟೆ ಮುಚ್ಚಿಡಿ, ಒಂದು ಹತ್ತು ಸ್ವಿಚ್ ಹೆಚ್ಚಿಗೆ ತಂದಿಟ್ಟುಕೊಳ್ಳಿ. ಇನ್ನು ಇರುವೆ. ಮೇಜಿನ ಮೇಲೆ ಬಿಸ್ಕತ್ತು ತಿನ್ನುವ ಮನೆಗಳಲ್ಲಿ ಸ್ವಿಚ್ಚಿನ ಬೆಚ್ಚಗಿನ ಸಂದಿಗೆ ಇರುವೆ ಹೋಗಿ ಸತ್ತು ಕೀ ಅರ್ಧಕ್ಕೆ ನಿಲ್ಲುವುದು ತಮಾಷೆಯ ಮಾತಲ್ಲ.

ಚಹಾ ಚೆಲ್ಲಿದರೆ ಎರಡು ಜಾತಿಯ ಕೀಬೋರ್ಡೂ ಸಾಯಬಹುದು. ತಕ್ಷಣ ತಂತಿ ಕಿತ್ತು ಬೋರಲು ಹಾಕಿ. ಹೇರ್ ಡ್ರೈಯರಿನ ಬಿಸಿಗಾಳಿ ಬೇಡ, ಸಕ್ಕರೆ ಅಲ್ಲೇ ಪಾಕವಾಗಿ ಗಟ್ಟಿಯಾಗುತ್ತದೆ. ಮೆಂಬ್ರೇನ್‌ನಲ್ಲಿ ಹಾಳೆಗಳ ನಡುವೆ ಸೇರಿದ ಚಹಾ ಆಚೆ ಬರುವುದೇ ಇಲ್ಲ. ಆದರೂ ಲಾಜಿಟೆಕ್ ಕೆ120 ಥರದ ಸಾದಾ ಕೀಬೋರ್ಡುಗಳಿಗೆ ನೀರು ಹರಿದುಹೋಗುವ ಏರ್ಪಾಡಿದೆ, ಬಹಳಷ್ಟು ಮೆಕ್ಯಾನಿಕಲ್‌ಗಳಿಗೆ ಅಷ್ಟೂ ಇಲ್ಲ. ಹಾಟ್‌ಸ್ವಾಪ್ ಆದರೆ ಒದ್ದೆಯಾದ ಜಾಗದ ಸ್ವಿಚ್ ಕಿತ್ತು, ಬೋರ್ಡನ್ನು ಆಲ್ಕೋಹಾಲಿನಲ್ಲಿ ಒರೆಸಿ, ಎರಡು ದಿನ ಒಣಗಿಸಿ, ಹೊಸ ಸ್ವಿಚ್ ಹಾಕಿ.

ಕ್ಯಾಪು, ಸ್ಟಿಕ್ಕರು, ಕ್ಯಾಪ್ಸ್ ಲಾಕು

ಕೀಕ್ಯಾಪ್ ಎಬಿಎಸ್ ಪ್ಲಾಸ್ಟಿಕ್ಕಿನದಾದರೆ ಕೆಲವೇ ತಿಂಗಳಲ್ಲಿ ಎಣ್ಣೆ ಹಚ್ಚಿದಂತೆ ಹೊಳೆಯುತ್ತದೆ. ಪಿಬಿಟಿ ಒರಟಾಗಿದ್ದು ತಡೆದುಕೊಳ್ಳುತ್ತದೆ. ಅಕ್ಷರ ಮುದ್ರಿಸಿದ್ದಕ್ಕಿಂತ ಡಬಲ್‌ಶಾಟ್ ಒಳ್ಳೆಯದು, ಅದರಲ್ಲಿ ಅಕ್ಷರವೇ ಬೇರೆ ಪ್ಲಾಸ್ಟಿಕ್ ತುಂಡಾದ್ದರಿಂದ ಅಳಿಸುವ ಮಾತೇ ಇಲ್ಲ. ಕೆ.ಪಿ. ರಾವ್ ವಿನ್ಯಾಸದವರಿಗೆ ಇಂಗ್ಲಿಷ್ ಅಕ್ಷರದ ಮೇಲೇ ಕೈ ಓಡುತ್ತದೆ. ಇನ್‌ಸ್ಕ್ರಿಪ್ಟ್ ಕಲಿಯುವವರು ಕನ್ನಡ ಸ್ಟಿಕ್ಕರ್ ಅಂಟಿಸುತ್ತಾರೆ, ಅದು ಒರಟು ಪಿಬಿಟಿ ಮೇಲೆ ಸರಿಯಾಗಿ ನಿಲ್ಲುವುದಿಲ್ಲ, ತುದಿ ಎದ್ದು ಅಂಟು ಬೆರಳಿಗೆ ಮೆತ್ತುತ್ತದೆ. ಸ್ಟಿಕ್ಕರ್ ಬೇಕೇ ಬೇಕು ಅನ್ನುವವರು ನುಣುಪಾದ ಎಬಿಎಸ್ ಕ್ಯಾಪ್ ಇರುವುದನ್ನೇ ತೆಗೆದುಕೊಳ್ಳಿ.

61 ಕೀಗಳ ಪುಟಾಣಿ ಬೋರ್ಡು ಚಂದ ಕಾಣುತ್ತದೆ. ಆದರೆ ಬಾಣದ ಕೀ, ಹೋಮ್, ಎಂಡ್, ಡಿಲೀಟ್ ಎಲ್ಲಕ್ಕೂ ಎಫ್ಎನ್ ಜೊತೆ ಒತ್ತಬೇಕು. ಕರಡು ತಿದ್ದುವವರು ಅದರ ಹತ್ತಿರ ಹೋಗಬೇಡಿ. 87 ಕೀಯದು ಹದ, ಅಂಕಿ ಕೆಲಸದವರಿಗೆ 104.

ದುಡ್ಡು ಇನ್ನೂ ಸ್ವಲ್ಪ ಇದ್ದರೆ ಯಾವ ಕೀ ಏನು ಮಾಡಬೇಕು ಅನ್ನುವುದನ್ನು ನಾವೇ ಬದಲಿಸಿಕೊಳ್ಳಲು ಬಿಡುವ ಕ್ಯೂಎಂಕೆ ಅಥವಾ ವಿಐಎ ತಂತ್ರಾಂಶದ ಬೆಂಬಲ ಇರುವುದನ್ನು ನೋಡಿ, ಕೀಕ್ರಾನ್ ವಿ6 ಈ ಸಾಲಿನ ಪೂರ್ಣ ಗಾತ್ರದ್ದು. ವಿಐಎಯಲ್ಲಿ ಕ್ಯಾಪ್ಸ್ ಲಾಕ್ ಕೀಗೆ ವಿಂಡೋಸ್ ಮತ್ತು ಸ್ಪೇಸ್ ಒಟ್ಟಿಗೆ ಒತ್ತುವ ಮ್ಯಾಕ್ರೋ ಹಾಕಿದರೆ, ವಿಂಡೋಸ್‌ನದೇ ಕನ್ನಡ ಕೀಬೋರ್ಡ್ ಬಳಸುವವರಿಗೆ ಒಂದೇ ಬೆರಳಲ್ಲಿ ಕನ್ನಡ ಇಂಗ್ಲಿಷ್ ಬದಲಾಗುತ್ತದೆ. ಎರಡು ಭಾಷೆ ಬೆರೆಸಿ ಬರೆಯುವವರಿಗೆ ದಿನಕ್ಕೆ ನೂರು ಸಲ ಉಪಯೋಗಕ್ಕೆ ಬರುವ ಸಂಗತಿ ಇದು, ಬಣ್ಣಬಣ್ಣದ ಲೈಟಿಗಿಂತ ಎಷ್ಟೋ ಪಾಲು. ಸೆಕೆಂಡಿಗೆ 8000 ಸಲ ಕಂಪ್ಯೂಟರಿಗೆ ವರದಿ ಕಳಿಸುತ್ತದೆ ಅನ್ನುವ ಹೆಗ್ಗಳಿಕೆಯಿಂದ ಟೈಪ್ ಮಾಡುವವರಿಗೆ ಮೂರು ಕಾಸಿನ ಪ್ರಯೋಜನ ಇಲ್ಲ.

ದಿನಕ್ಕೆ ಗಂಟೆಯೂ ಟೈಪ್ ಮಾಡದವರಿಗೆ, ಲ್ಯಾಪ್‌ಟಾಪಿನ ತೆಳು ಕೀ ಇಷ್ಟಪಡುವವರಿಗೆ, ಮಗು ಮಲಗಿದ ಕೋಣೆಯಲ್ಲಿ ಕೆಲಸ ಮಾಡುವವರಿಗೆ ಡೆಲ್‌ನ ಕೆಬಿ216, ಲಾಜಿಟೆಕ್‌ನ ಕೆ120 ಧಾರಾಳ ಸಾಕು. ಮೂರ್ನಾಲ್ಕು ಗಂಟೆಗಿಂತ ಹೆಚ್ಚು ಹೊಡೆಯುವವರು ಮೂರೂವರೆಯಿಂದ ಐದು ಸಾವಿರದ ಹಾಟ್‌ಸ್ವಾಪ್ ತರಲಿ, ಕೊಟ್ಟ ದುಡ್ಡಿಗೆ ಮೋಸವಿಲ್ಲ. ಒಂದೂವರೆ ಸಾವಿರಕ್ಕೆ 'ಮೆಕ್ಯಾನಿಕಲ್ ಫೀಲ್' ಅಥವಾ 'ಸೆಮಿ ಮೆಕ್ಯಾನಿಕಲ್' ಅಂತ ಬರೆದು ಮಾರುವುದು ಲೈಟ್ ಹಾಕಿದ ಮೆಂಬ್ರೇನ್. ವಿವರದಲ್ಲಿ ಸ್ವಿಚ್ಚಿನ ಹೆಸರಿಲ್ಲದಿದ್ದರೆ ಅದು ಮೆಂಬ್ರೇನ್ ಅಂತಲೇ ತಿಳಿಯಿರಿ.

ಮನೆಗೆ ಬಂದ ದಿನವೇ, ವಾಪಸ್ ಮಾಡುವ ಗಡುವು ಮುಗಿಯುವ ಮೊದಲು, ಬ್ರೌಸರಿನಲ್ಲಿ ಕೀಬೋರ್ಡ್ ಟೆಸ್ಟರ್ ತೆರೆದು ಪ್ರತಿ ಕೀಯನ್ನೂ ಹತ್ತು ಸಲ ಒತ್ತಿ. ಸ್ಪೇಸ್, ಎಂಟರ್, ಎರಡೂ ಶಿಫ್ಟನ್ನು ನಡುವೆ ಒಮ್ಮೆ, ಎಡತುದಿ ಬಲತುದಿಗೆ ಒಮ್ಮೆ ಒತ್ತಿ ನೋಡಿ. ತುದಿಯಲ್ಲಿ ಒತ್ತಿದಾಗ ಸಿಕ್ಕಿಕೊಂಡರೆ, ಉದ್ದ ಕೀಯನ್ನು ಸಮವಾಗಿ ಇಳಿಸುವ ಸ್ಟೆಬಿಲೈಸರ್ ತಂತಿ ಸೊಟ್ಟಗಿದೆ. ಬರೀ ಗಲಗಲ ಅಂದರೆ ತಂತಿಯ ತುದಿಗೆ ಚೂರು ಡೈಎಲೆಕ್ಟ್ರಿಕ್ ಗ್ರೀಸ್ ಹಚ್ಚಿದರೆ ಸರಿಹೋಗುತ್ತದೆ. ಒಂದೇ ಕೀ ಬರದಿದ್ದರೆ ಸ್ವಿಚ್ ತೆಗೆದು ಪಿನ್ ನೋಡಿ. ಒಂದು ಸಾಲಿನ ಅಥವಾ ಕಂಬದ ಕೀಗಳು ಒಟ್ಟಿಗೆ ಸತ್ತಿದ್ದರೆ ದೋಷ ಬೋರ್ಡಿನ ಗೆರೆಯಲ್ಲೇ ಇದೆ, ಏನೂ ಬಿಚ್ಚದೆ ಅದೇ ಪೆಟ್ಟಿಗೆಗೆ ಹಾಕಿ ವಾಪಸ್ ಕಳಿಸಿ.